ನೆರಳಿಲ್ಲದ ಗಳಿಗೆ

ಮಧ್ಯಾಹ್ನ ಹನ್ನೆರಡು ಗಂಟೆಗೆ ಸೂರ್ಯನು ನೆತ್ತಿಯ ಮೇಲೆ ಬರುತ್ತಾನೆಂದು ನಾನು ಬಹುಕಾಲ ನಂಬಿದ್ದೆ. ನಂಬಿದ್ದಷ್ಟೇ ಅಲ್ಲ, ಕಾಲೇಜಿನಲ್ಲಿ ಗ್ರೀಷ್ಮವರ್ಣನೆಯ ಪದ್ಯಗಳನ್ನು ಪಾಠ ಹೇಳುವಾಗಲೆಲ್ಲ ಅದನ್ನು ಅಧಿಕಾರವಾಣಿಯಿಂದ ಸಾರುತ್ತಲೂ ಇದ್ದೆ. ಒಂದು ದಿನ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದುನಿಂತು, "ಸರ, ನೀವು ಯಾವಾಗರ ನೋಡೀರೇನ್ರಿ?" ಎಂದುಬಿಟ್ಟಳು.

ನೋಡಿರಲಿಲ್ಲ. ಕನ್ನಡ ಎಂ.ಎ. ಪದವಿಗೆ ಆಕಾಶವನ್ನು ನೋಡಬೇಕೆಂಬ ನಿಯಮವೇನೂ ಇಲ್ಲವಷ್ಟೆ!

ಮನೆಗೆ ಬಂದು ಪುಸ್ತಕ ತೆರೆದೆ. ಭೂಮಿಯ ಅಕ್ಷವು ಇಪ್ಪತ್ತಮೂರೂವರೆ ಡಿಗ್ರಿ ವಾಲಿರುವುದರಿಂದ, ನಮ್ಮಂಥ ಊರುಗಳಿಗೆ ಸೂರ್ಯನು ಸರಿಯಾಗಿ ನೆತ್ತಿಗೆ ಬರುವುದು ವರ್ಷಕ್ಕೆ ಎರಡೇ ಸಲ. ಬೆಂಗಳೂರಿಗೆ ಏಪ್ರಿಲ್ 24ರ ಸುಮಾರಿಗೆ ಬಂದವನು, ಉತ್ತರಕ್ಕೆ ಸರಿಯುತ್ತ ನಮ್ಮ ಗುಂಡಗುರ್ತಿಗೆ ಮೇ 8ರ ಆಸುಪಾಸಿನಲ್ಲಿ ಬರುತ್ತಾನೆ; ಮರಳುವಾಗ ಆಗಸ್ಟಿನ ಮೊದಲ ವಾರ ಮತ್ತೊಮ್ಮೆ ಇಣುಕುತ್ತಾನೆ. ಅದೂ ಹನ್ನೆರಡಕ್ಕಲ್ಲ. ನಮ್ಮ ಗಡಿಯಾರಗಳೆಲ್ಲ 82.5 ಡಿಗ್ರಿ ಪೂರ್ವರೇಖಾಂಶಕ್ಕೆ ಹೊಂದಿಸಿದವು; ನಾವಿರುವುದು 77ರ ಹತ್ತಿರ. ಹೀಗಾಗಿ ಮೇ ತಿಂಗಳಲ್ಲಿ ನಮ್ಮೂರ ನಡುಹಗಲು ಹನ್ನೆರಡು ಗಂಟೆ ಹದಿನೆಂಟು ನಿಮಿಷಕ್ಕೆ.

ಇನ್ನೊಂದು ಸಂಗತಿ ನನ್ನನ್ನು ಮತ್ತಷ್ಟು ನಾಚಿಸಿತು. ಸೇಡಂ ದಾರಿಯಲ್ಲಿರುವ ಮಳಖೇಡವನ್ನು ಕವಿರಾಜಮಾರ್ಗದ ಊರೆಂದು ನಾನು ಪ್ರತಿ ವರ್ಷವೂ ಕೊಂಡಾಡುತ್ತೇನೆ. ಆದರೆ ಅದೇ ಅಮೋಘವರ್ಷನ ಕಾಲದಲ್ಲಿ, ಕ್ರಿ.ಶ. 850ರ ಸುಮಾರಿಗೆ, ಮಹಾವೀರಾಚಾರ್ಯನು ಬರೆದ 'ಗಣಿತಸಾರಸಂಗ್ರಹ'ದಲ್ಲಿ ನೆರಳಿನ ಲೆಕ್ಕಕ್ಕೇ ಒಂದು ಅಧ್ಯಾಯವಿದೆ ಎಂಬುದನ್ನು ಒಮ್ಮೆಯೂ ಹೇಳಿದವನಲ್ಲ.

ಸರಿ, ಈ ಬೇಸಗೆಯ ರಜೆಯಲ್ಲಿ ನೋಡಿಯೇ ಬಿಡುವುದೆಂದು ನಿಶ್ಚಯಿಸಿದೆ. ನೆರಳನ್ನು ಇಬ್ಬರು ಎರಡು ಊರುಗಳಲ್ಲಿ ಅಳೆದರೆ ಭೂಮಿಯ ಸುತ್ತಳತೆಯೇ ಸಿಗುತ್ತದೆ. ಎರಡು ಸಾವಿರದ ಇನ್ನೂರು ವರ್ಷಗಳ ಹಿಂದೆ ಎರಟೋಸ್ತನೀಸನೆಂಬ ಗ್ರೀಕ್ ಪಂಡಿತನು ಈಜಿಪ್ಟಿನಲ್ಲಿ ಮಾಡಿದ್ದು ಇದನ್ನೇ. ನನಗೆ ಬೆಂಗಳೂರಿನಲ್ಲಿ ಒಬ್ಬ ಜೊತೆಗಾರ ಬೇಕಿತ್ತು. ಅಲ್ಲಿರುವವನು ನನ್ನ ತಮ್ಮ.

ಅಪ್ಪ ತೀರಿಕೊಂಡ ವರ್ಷ ನಮ್ಮಿಬ್ಬರಲ್ಲಿ ಒಬ್ಬನ ಓದು ನಿಲ್ಲಬೇಕಾಯಿತು. ನಿಂತದ್ದು ಅವನದು. ಲೆಕ್ಕದಲ್ಲಿ ನನಗಿಂತ ಚುರುಕಾಗಿದ್ದವನೂ ಅವನೇ. ಈಗ ಅಲ್ಲಿ ಗೌಂಡಿ ಕೆಲಸ ಮಾಡುತ್ತಾನೆ. ಹಬ್ಬಕ್ಕೊಮ್ಮೆ ಫೋನಿನಲ್ಲಿ ಅವ್ವನ ಮೊಣಕಾಲು, ತೊಗರಿಯ ಧಾರಣೆ—ಇವೆರಡು ಮುಗಿದರೆ ನಮ್ಮ ಮಾತೂ ಮುಗಿಯುತ್ತಿತ್ತು. ಅಂಜುತ್ತಲೇ ವಿಷಯ ತಿಳಿಸಿದೆ. "ಒಂದು ಮೀಟರ ಸರಳು, ಅಷ್ಟೇ ಹೌದಿಲ್ಲೊ? ನಿಂದರಸ್ತಿನಿ ಬಿಡು" ಎಂದ.

ಆ ದಿನ ಅಂಗಳದ ಶಹಾಬಾದ್ ಫರಸಿಯ ಮೇಲೆ, ಹಸಿಮಣ್ಣಿನ ಮುದ್ದೆಯಲ್ಲಿ ಕಬ್ಬಿಣದ ಸರಳನ್ನು ನಿಲ್ಲಿಸಿ ಕುಳಿತೆ. ಬಿಸಿಲಿಗೆ ಕಲ್ಲು ಹೆಂಚಿನಂತೆ ಕಾದಿತ್ತು. ಬೇವಿನ ಮರದಡಿಯಿಂದ ಅವ್ವ, "ಮಾಸ್ತರಗ ಬಿಸಲ ತಲಿಗೇರ್ಯದ" ಎಂದು ನೆರೆಯವರಿಗೆ ಹೇಳುತ್ತಿದ್ದುದು ಕೇಳಿಸುತ್ತಿತ್ತು. ಹನ್ನೆರಡು ಹದಿನೈದು. ಹದಿನೆಂಟು. ನೆರಳು ಹೋಗಲಿಲ್ಲ! ಒಂದು ಬೆರಳಗಲ ನೆರಳು ಬುಡದಲ್ಲಿ ಹಾಗೆಯೇ ಉಳಿದಿತ್ತು. ಪುಸ್ತಕವೇ ಸುಳ್ಳಾಯಿತೆ?

ಫೋನು ಮಾಡಿದೆ. ತಮ್ಮ ನಗಲಿಲ್ಲ. "ಅಣ್ಣಾ, ಕಲ್ಲಿನ ಮ್ಯಾಲ ನೀರ ಚೆಲ್ಲಿ ನೋಡಿದೇನು, ಯಾ ಕಡಿ ಹರಿತದ? ಸರಳು ನೆಟ್ಟಗ ಅದ ಏನು? ದಾರಕ್ಕ ಕಲ್ಲ ಕಟ್ಟಿ ಇಳಿಬಿಟ್ಟು ನೋಡು" ಎಂದ.

ನೀರು ಚೆಲ್ಲಿದೆ, ಎಲ್ಲಿಯೂ ಹರಿಯದೆ ನಿಂತಿತು. ಕಲ್ಲು ಮಟ್ಟವಾಗಿಯೇ ಇತ್ತು. ದಾರ ಇಳಿಬಿಟ್ಟೆ, ವಾಲಿದ್ದುದು ನನ್ನ ಸರಳು. ದಾರಕ್ಕೆ ಸರಿಯಾಗಿ ತಿದ್ದಿ ನಿಲ್ಲಿಸಿದೊಡನೆ ನೆರಳು ಬುಡದೊಳಗೆ ಮೆಲ್ಲನೆ ಅಡಗಿಹೋಯಿತು. ಬರಿಯ ಕಲ್ಲು, ಅದರ ಮೇಲೊಂದು ನೆರಳಿಲ್ಲದ ಸರಳು. ಗೌಂಡಿಯೊಬ್ಬನು ಮೊದಲು ನೋಡುವುದನ್ನು ನಾನು ಕೊನೆಗೂ ನೋಡಿರಲಿಲ್ಲ.

ಅವನಲ್ಲಿ ನೆರಳು ದಕ್ಷಿಣಕ್ಕೆ ಬಿದ್ದಿತ್ತು: 7.3 ಸೆಂಟಿಮೀಟರು, ಹೆಚ್ಚುಕಡಿಮೆ ನಾಲ್ಕು ಬೆರಳು. ಅದರಿಂದ ದೊರೆತ ಕೋನ 4.18 ಡಿಗ್ರಿ. ಬೆಂಗಳೂರು ನಮ್ಮೂರಿಗೆ ಬಹುಮಟ್ಟಿಗೆ ನೇರ ದಕ್ಷಿಣಕ್ಕೆ, ಸುಮಾರು 470 ಕಿಲೋಮೀಟರು ದೂರದಲ್ಲಿದೆ. ಅಷ್ಟು ಡಿಗ್ರಿಗೆ ಇಷ್ಟು ದೂರವಾದರೆ 360 ಡಿಗ್ರಿಗೆ ಎಷ್ಟು? ಲೆಕ್ಕ ಹಾಕಿದವನು ಅವನೇ. "ನಲವತ್ತು ಸಾವಿರದ ಐದನೂರರ ಹತ್ರ ಬರ್ತದ" ಎಂದ. ಧ್ರುವಗಳನ್ನು ಹಾದುಹೋಗುವ ಸುತ್ತಳತೆ ಪುಸ್ತಕದ ಪ್ರಕಾರ 40,008 ಕಿಲೋಮೀಟರು. ಎರಡು ಸರಳು, ಒಂದು ದಾರ. ತಪ್ಪಿದ್ದು ನೂರಕ್ಕೆ ಎರಡರಷ್ಟೂ ಅಲ್ಲ!

ಕ್ಷಣ ಹೊತ್ತು ಇಬ್ಬರೂ ಸುಮ್ಮನಿದ್ದೆವು. ಆಮೇಲೆ ಅವನೆಂದ: "ಸಾಲಿ ಬಿಟ್ಟ ಮ್ಯಾಲ ಇಂಥಾ ಲೆಕ್ಕ ಇದೇ ಮೊದಲ ನೋಡಣ್ಣಾ." ನನಗೆ ಉತ್ತರ ಹೊಳೆಯಲಿಲ್ಲ. "ತಪ್ಪಿದ್ದು ನಾನು ತಮ್ಮಾ" ಎಂದೆ. ಸರಳಿನ ಮಾತೆಂದು ಅವನು ತಿಳಿದನೋ, ಬೇರೆ ಮಾತೆಂದು ತಿಳಿದನೋ!

ಆಗಸ್ಟಿನಲ್ಲಿ ಅವನು ರಜೆ ಹಾಕಿ ಊರಿಗೇ ಬಂದ, ತೂಗುಗುಂಡನ್ನೂ ತಂದಿದ್ದ. ಆದರೆ ಅಂದು ಬೆಳಗಿನಿಂದಲೇ ಮೋಡ. ಇಡೀ ಗುಂಡಗುರ್ತಿಯಲ್ಲಿ ಯಾರಿಗೂ ನೆರಳಿರಲಿಲ್ಲ. ಅವ್ವ ಮಾಡಿಕೊಟ್ಟ ಚಹಾ ಕುಡಿಯುತ್ತ ಇಬ್ಬರೂ ಆ ಸರಳನ್ನು ನೋಡುತ್ತ ಕುಳಿತಿದ್ದೆವು. ಮಾತು ಮಾತ್ರ ತೊಗರಿಯ ಧಾರಣೆಗೆ ನಿಲ್ಲಲಿಲ್ಲ.

ನಿಮ್ಮೂರಿಗೂ ಅಂಥದೊಂದು ಗಳಿಗೆ ಬರುತ್ತದೆ. ದೂರದ ಊರಿನಲ್ಲಿ ನಿಮ್ಮವರೊಬ್ಬರಿದ್ದರೆ ಅವರ ಕೈಗೂ ಒಂದು ಕೋಲು ಕೊಡಿ. ನಿಲ್ಲಿಸುವ ಮೊದಲು ದಾರವೊಂದನ್ನು ಇಳಿಬಿಟ್ಟು ನೋಡಿಕೊಳ್ಳಿ.