ಅಜ್ಜಿಯ ತೂಕ ಎಷ್ಟು?

ಆಸ್ಪತ್ರೆಯಲ್ಲಿ ಫಾರ್ಮಸಿಸ್ಟ್ ಅಂದ ಕೂಡಲೇ "ಓ, ಮೆಡಿಕಲ್ ಶಾಪಲ್ಲಾ?" ಅಂತ ಕೇಳುವವರೇ ಹೆಚ್ಚು. ಅಲ್ಲ ಸ್ವಾಮೀ, ನನ್ನ ಕೆಲಸ ವಾರ್ಡಿನಲ್ಲಿ. ಡಾಕ್ಟರು ಬರೆದ ಔಷಧಿಯ ಪ್ರಮಾಣ ಆ ರೋಗಿಗೆ ಹೊಂದುತ್ತದೆಯೇ ಅಂತ ನೋಡುವುದು, ಹೊಂದದಿದ್ದರೆ ಹೇಳುವುದು. ಹಾಗೆ ನೋಡಬೇಕಿದ್ದ ನಾನೇ ನೋಡದೆ ಹೋದ ಕಥೆ ಇದು.

ಕೆಲಸಕ್ಕೆ ಸೇರಿ ವರ್ಷವೂ ಆಗಿರಲಿಲ್ಲ. 78 ವರ್ಷದ ಅಜ್ಜಿಯೊಬ್ಬರು ಮೂತ್ರದ ಸೋಂಕು, ವಿಪರೀತ ಜ್ವರ ಅಂತ ಸೇರಿದ್ದರು. ಸೆಫೆಪೈಮ್ ಇಂಜೆಕ್ಷನ್, 2 ಗ್ರಾಂ, ದಿನಕ್ಕೆ ಎರಡು ಸಲ. ಈ ಔಷಧಿಯ ಬಹುಪಾಲು ಕಿಡ್ನಿಯ ಮೂಲಕವೇ ಹೊರಗೆ ಹೋಗಬೇಕು. ರಿಪೋರ್ಟ್ ನೋಡಿದೆ. ಕ್ರಿಯಾಟಿನಿನ್ 1.2. ಲ್ಯಾಬಿನವರು ಪಕ್ಕದಲ್ಲಿ ಗುರುತು ಹಾಕಿರಲಿಲ್ಲ, ಅಂದರೆ ನಾರ್ಮಲ್! ಟಿಕ್ ಹಾಕಿ ಮುಂದಿನ ಬೆಡ್ಡಿಗೆ ಹೋದೆ.

ಮೂರನೇ ದಿನ ಜ್ವರ ಇಳಿದಿತ್ತು, ಆದರೆ ಅಜ್ಜಿ ಮಂಕಾಗಿದ್ದರು. ಏನೇನೋ ಬಡಬಡಿಕೆ... ಕೈಗಳು ಆಗಾಗ ತಾವಾಗಿಯೇ ಎಗರುತ್ತಿದ್ದವು. "ವಯಸ್ಸಾಯ್ತಲ್ಲ, ಅರಳುಮರಳು" ಅಂದರು ಪಕ್ಕದ ಬೆಡ್ಡಿನವರು. ಮಗಳು ಮಾತ್ರ ಒಪ್ಪಲಿಲ್ಲ. "ಇಲ್ಲಿಗೆ ಬರೋವಾಗ ಆಟೋದವ್ನ ಹತ್ರ ಹತ್ತು ರೂಪಾಯಿಗೆ ಜಗಳ ಆಡಿದೋಳು ಸಾರ್ ನಮ್ಮಮ್ಮ. ಮೂರು ದಿನದಲ್ಲಿ ಅರಳುಮರಳು ಹೆಂಗ್ ಬರುತ್ತೆ?"

ಕೇಸ್ ಶೀಟ್ ಮತ್ತೆ ತೆಗೆದೆ. ತೂಕದ ಕಾಲಂ ಖಾಲಿ! ವಾರ್ಡ್ ಬಾಯ್ ಅಜ್ಜಿಯನ್ನು ಎತ್ತಿಕೊಂಡು ತೂಕದ ಮೆಷಿನ್ ಮೇಲೆ ನಿಂತ. ಅವನ ತೂಕ ಕಳೆದರೆ ಉಳಿದದ್ದು 42 ಕೆ.ಜಿ.

ಕಾಕ್‌ಕ್ರಾಫ್ಟ್ ಮತ್ತು ಗಾಲ್ಟ್ ಎಂಬಿಬ್ಬರು 1976ರಲ್ಲಿ ಕೊಟ್ಟ ಸರಳ ಲೆಕ್ಕವೊಂದಿದೆ. 140ರಲ್ಲಿ ವಯಸ್ಸು ಕಳೆದು ತೂಕದಿಂದ ಗುಣಿಸಿ. ಬಂದದ್ದನ್ನು ಕ್ರಿಯಾಟಿನಿನ್‌ನ 72 ಪಟ್ಟಿನಿಂದ ಭಾಗಿಸಿ. ಹೆಂಗಸರಾದರೆ 0.85ರಿಂದ ಗುಣಿಸಿ. ಅಜ್ಜಿಗೆ ಬಂದ ಉತ್ತರ ನಿಮಿಷಕ್ಕೆ ಸುಮಾರು 26 ಮಿ.ಲೀ. ಆರೋಗ್ಯವಂತ ಯುವಕರಲ್ಲಿ ಇದು 100ರ ಆಚೀಚೆ ಇರುತ್ತದೆ. ಮೊದಲ ಡೋಸ್ ಪೂರ್ತಿ ಕೊಟ್ಟು, ಆಮೇಲೆ ದಿನಕ್ಕೆ 1 ಗ್ರಾಂ ಸಾಕಿತ್ತು. ಹೋಗುತ್ತಿದ್ದದ್ದು 4 ಗ್ರಾಂ!

ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುಗಳಿಂದ. ಮೂಳೆ ಚಕ್ಕಳವಾಗಿರುವ ಮುದುಕರಲ್ಲಿ ಅದು ಹುಟ್ಟುವುದೇ ಕಮ್ಮಿ. ಹಾಗಾಗಿ ಕಿಡ್ನಿ ಸೋತಿದ್ದರೂ ಅಂಕಿ ಏರದೆ ನಮ್ಮನ್ನು ಏಮಾರಿಸುತ್ತದೆ. ಕಿಡ್ನಿ ಸೋತವರಿಗೆ ಸೆಫೆಪೈಮ್ ಡೋಸ್ ಇಳಿಸದಿದ್ದರೆ ಹೊರಗೆ ಕಾಣದ ಫಿಟ್ಸ್ ಬರಬಹುದೆಂದು ಅಮೆರಿಕದ ಎಫ್‌ಡಿಎ 2012ರಲ್ಲೇ ಎಚ್ಚರಿಸಿತ್ತು. ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ!

ಬೈಗುಳಕ್ಕೆ ಸಿದ್ಧನಾಗಿ ಡಾಕ್ಟರ ಹತ್ತಿರ ಹೋದೆ. "ನಾನೂ ನೋಡ್ಲಿಲ್ವಲ್ಲಯ್ಯಾ" ಅಂದವರು ಔಷಧಿ ಬದಲಿಸಿದರು, ಮಗಳನ್ನು ಕೂರಿಸಿಕೊಂಡು ಎಲ್ಲ ಹೇಳಿದರು. ಮೂರು ದಿನಕ್ಕೆ ಅಜ್ಜಿ ಎದ್ದು ಕೂತು ಕಾಫಿ ಕೇಳಿದರು.

ಆಮೇಲೆ ಹೆದರಿಕೆಗೆ ಎಲ್ಲರ ಡೋಸೂ ಇಳಿಸಿ ಅನ್ನತೊಡಗಿದೆ. ಅದೂ ತಪ್ಪೇ. ಸೋಂಕಿನ ಏಟಿಗೆ ಕುಸಿದ ಕಿಡ್ನಿ ಎಷ್ಟೋ ಸಲ ಎರಡೇ ದಿನದಲ್ಲಿ ಚೇತರಿಸಿಕೊಳ್ಳುತ್ತದೆ. ಆಗಲೂ ಅರ್ಧ ಡೋಸೇ ಕೊಡುತ್ತಿದ್ದರೆ ಗೆಲ್ಲುವುದು ಸೋಂಕು. ಕ್ರಿಯಾಟಿನಿನ್ ಏರಿಳಿಯುವಾಗ ಆ ಲೆಕ್ಕವನ್ನೂ ಪೂರ್ತಿ ನಂಬುವಂತಿಲ್ಲ. ದಿನಾ ನೋಡಬೇಕು, ಅಷ್ಟೇ.

ಮನೆಗೆ ಹೊರಟ ದಿನ ಅಜ್ಜಿಯನ್ನು ಇನ್ನೊಮ್ಮೆ ಮೆಷಿನ್ ಮೇಲೆ ನಿಲ್ಲಿಸಿದೆ. "ಏನ್ ಮಗಾ, ರಾಗಿ ಮೂಟೆ ತೂಗ್ದಂಗೆ ತೂಗ್ತೀಯಲ್ಲಾ?" ಅಂದರು. ನಕ್ಕೆ. ಕಾರಣ ಹೇಳುವ ಧೈರ್ಯ ಆಗಲಿಲ್ಲ.

ನಿಮ್ಮ ಮನೆಯ ಹಿರಿಯರು ಆಸ್ಪತ್ರೆ ಸೇರಿದಾಗ ತೂಕ ಬರೆದುಕೊಂಡಿರಾ ಅಂತ ಒಂದು ಮಾತು ಕೇಳಿ. ಯಾರಾದರೂ ಮುಖ ಸಿಂಡರಿಸಿದರೂ ಪರವಾಗಿಲ್ಲ, ಕೇಳಿ.