ಬಂಡೆ ಬಿಡಿಸೋಣ ಬಾ

ಒಂದನೇ ಕ್ಲಾಸಿನ ಮಗುವಿಗೆ ಬಳಪ ಕೊಟ್ಟರೆ ಸಾಕು. ಸೂರ್ಯ, ತೆಂಗಿನಮರ, ಮನೆ, ಮನೆಗಿಂತ ಎತ್ತರದ ಅಮ್ಮ ಎಲ್ಲರೂ ಸರಸರ ಬಂದು ನಿಲ್ಲುತ್ತಾರೆ. ಅದೇ ಮಗು ಎಂಟನೇ ಕ್ಲಾಸಿಗೆ ಬಂದಾಗ ಡ್ರಾಯಿಂಗ್ ಶೀಟನ್ನು ಮೊಣಕೈಯಿಂದ ಮುಚ್ಚಿಕೊಂಡು, 'ನಂಗೆ ಬರಲ್ಲ ಸರ್' ಎನ್ನುತ್ತದೆ. ಸಿರುಗುಪ್ಪ, ಕುರುಗೋಡು, ಬಳ್ಳಾರಿ, ಎಲ್ಲಿ ಪಾಠ ಮಾಡಿದರೂ ಈ ಒಂದು ಮಾತು ಕೇಳಿಯೇ ಕೇಳಿದ್ದೇನೆ. ಇದನ್ನು ಸೋಮಾರಿತನ ಎಂದುಕೊಳ್ಳುವವರಿದ್ದಾರೆ. ನನಗೆ ಹಾಗೆ ಅನಿಸಿಲ್ಲ. ಹದಿಮೂರು ಹದಿನಾಲ್ಕರ ಹೊತ್ತಿಗೆ ಮಕ್ಕಳ ಕಣ್ಣು ದೊಡ್ಡದಾಗಿಬಿಟ್ಟಿರುತ್ತದೆ, ಕೈ ಇನ್ನೂ ಚಿಕ್ಕದೇ. ತಾನು ಬಿಡಿಸಿದ ಕುದುರೆ ಕುದುರೆಯ ಹಾಗಿಲ್ಲ ಎಂದು ಮೊದಲು ಗೊತ್ತಾಗುವುದು ಬಿಡಿಸಿದವನಿಗೇ. ಮಕ್ಕಳ ಚಿತ್ರಗಳನ್ನು ಜೀವಮಾನವಿಡೀ ನೋಡಿದ ವಿಕ್ಟರ್ ಲೋವೆನ್‌ಫೆಲ್ಡ್ 1947ರ ತನ್ನ ಪುಸ್ತಕದಲ್ಲಿ ಇದನ್ನು ಗುರುತಿಸಿದ್ದಾನೆ: ಹರೆಯ ಹತ್ತಿರವಾದಂತೆ ಮಗು ತನ್ನ ಚಿತ್ರವನ್ನು ತಾನೇ ಬಿಗಿಯಾಗಿ ಅಳೆಯತೊಡಗುತ್ತದೆ. ಆಗ ಬಿಟ್ಟ ಪೆನ್ಸಿಲನ್ನು ಬಹಳ ಮಂದಿ ಮತ್ತೆ ಹಿಡಿಯುವುದೇ ಇಲ್ಲ. ಕೈ ಹೋಗಿ ಕಣ್ಣನ್ನು ಮುಟ್ಟುವ ತನಕ ಅವರ ಜತೆ ಇರುವ ಕೆಲಸ ನನ್ನ ಪಾಲಿಗೆ ಬಂದಿದೆ. ಇದಕ್ಕಿಂತ ಪ್ರೀತಿಯ ಕೆಲಸ ನನಗೆ ಬೇರೆ ಇಲ್ಲ.

ನಮ್ಮ ಪುಣ್ಯ, ಬಳ್ಳಾರಿಯಲ್ಲಿ ಬಂಡೆಗಳಿವೆ. ಮುಖ ಬಿಡಿಸು ಎಂದರೆ ಹಿಂದೆ ಸರಿಯುವ ಹುಡುಗ ಬಂಡೆ ಬಿಡಿಸು ಎಂದರೆ ಸರಿಯುವುದಿಲ್ಲ. ಬಂಡೆ ತಪ್ಪಾಯಿತು ಎನ್ನುವವರು ಯಾರು? ಕೋಟೆ ಗುಡ್ಡ ಕಾಣುವ ಕಡೆ ಎಲ್ಲರನ್ನೂ ಕೂರಿಸುತ್ತೇನೆ. ಮೊದಲ ಸಲ ಎಲ್ಲರ ಹಾಳೆಯಲ್ಲೂ ಆಲೂಗಡ್ಡೆ ಗುಡ್ಡೆ ಹಾಕಿದಂತಿರುತ್ತದೆ. ನಾನು ಏನನ್ನೂ ತಿದ್ದುವುದಿಲ್ಲ, ಪ್ರಶ್ನೆ ಕೇಳುತ್ತೇನೆ. ಬಿಸಿಲು ಯಾವ ಕಡೆಯಿಂದ ಬೀಳುತ್ತಿದೆ? ಆ ಬಂಡೆ ಯಾವುದರ ಮೇಲೆ ಭಾರ ಹಾಕಿದೆ? ಮಳೆನೀರು ಇಳಿದ ಕಪ್ಪು ಗೆರೆ ಎಲ್ಲಿಂದ ಎಲ್ಲಿಗಿದೆ? ಸಿಪ್ಪೆಯ ಹಾಗೆ ಪದರ ಎದ್ದದ್ದು ಕಾಣಿಸಿತಾ? ಸ್ವಲ್ಪ ಹೊತ್ತಿಗೆ ಮಾತು ನಿಲ್ಲುತ್ತದೆ. 2ಬಿ ಪೆನ್ಸಿಲ್ ಸಾಲದು, 6ಬಿ ಕೊಡಿ ಎಂದು ಕೈ ಚಾಚುತ್ತಾರೆ. ಕಪ್ಪು ಇನ್ನೂ ಕಪ್ಪಾಗಬೇಕು ಎಂದು ಮಗುವಿಗೆ ತಾನಾಗಿ ಅನಿಸಿದ ಆ ಗಳಿಗೆಗಾಗಿ ನಾನು ಕಾಯುತ್ತಿರುತ್ತೇನೆ.

ಆಮೇಲೆ ಕಾಗದ ನೋಡದೆ ಬಿಡಿಸುವ ಆಟ. ಕಣ್ಣು ವಸ್ತುವಿನ ಅಂಚಿನ ಮೇಲೆ ಇರುವೆ ಹರಿದಷ್ಟು ನಿಧಾನ ಹೋಗಬೇಕು, ಪೆನ್ಸಿಲ್ ಅಷ್ಟೇ ನಿಧಾನ ಹಾಳೆಯ ಮೇಲೆ ಹೋಗಬೇಕು, ಹಾಳೆಯ ಕಡೆ ತಿರುಗುವಂತಿಲ್ಲ. ಅಮೆರಿಕದ ಕಿಮೋನ್ ನಿಕೊಲೈಡಿಸ್ ತನ್ನ ಶಿಷ್ಯರಿಗೆ ಮಾಡಿಸುತ್ತಿದ್ದ ಅಭ್ಯಾಸವಿದು. ಮುಗಿದ ಮೇಲೆ ನೋಡಿದರೆ ಮೂಗು ಕಿವಿಯ ಹತ್ತಿರ, ಚಪ್ಪಲಿ ಆಕಾಶದಲ್ಲಿ. ಕ್ಲಾಸೇ ಬಿದ್ದು ಬಿದ್ದು ನಗುತ್ತದೆ. ಎಲ್ಲರದ್ದೂ ಕೆಟ್ಟಿರುವುದರಿಂದ ಯಾರಿಗೂ ನಾಚಿಕೆಯಿಲ್ಲ. ಆದರೆ ಆ ಓರೆಕೋರೆ ಗೆರೆಗಳಲ್ಲಿ ಒಂದು ಗಟ್ಟಿತನ ಇರುತ್ತದೆ, ನೋಡಿ ಎಳೆದ ಗೆರೆಯ ಗಟ್ಟಿತನ. ಅದನ್ನು ಬೆರಳಿಟ್ಟು ತೋರಿಸುತ್ತೇನೆ.

ಸಿರುಗುಪ್ಪದ ಮಕ್ಕಳಿಗೆ ತುಂಗಭದ್ರೆಯ ನೀರು ಕುಡಿದ ಭತ್ತದ ಗದ್ದೆಗಳೇ ಸ್ಟುಡಿಯೊ. ನಾಟಿಯ ದಿನಗಳಲ್ಲಿ ನಾಟಿ ಹಚ್ಚುವವರನ್ನು ಬಿಡಿಸಿ ಎಂದೆ. ಎಲ್ಲರೂ ಬೆನ್ನನ್ನು ಬಿಲ್ಲಿನಂತೆ ಬಗ್ಗಿಸಿದರು. ಒಬ್ಬ ಹುಡುಗಿ ಮಾತ್ರ ತನ್ನದನ್ನು ಅಳಿಸಿ ಅಳಿಸಿ ಹಾಳೆ ಹರಿಯುವಂತೆ ಮಾಡಿಕೊಂಡು ಕೂತಿದ್ದಳು. ಏನಮ್ಮಾ ಎಂದರೆ, 'ಬೆನ್ನು ಬಾಗಲ್ಲ ಸರ್, ಸೊಂಟ ಮಡಚ್ತೈತೆ. ನಮ್ಮವ್ವ ಹಿಂಗ' ಎಂದು ಎದ್ದು ನಿಂತು ತೋರಿಸಿದಳು. ಬೆನ್ನು ಹಲಗೆಯಂತೆ ನೇರ, ಮೊಣಕಾಲು ಚೂರೇ ಸಡಿಲ, ಸಸಿಯ ಕಟ್ಟು ಹಿಡಿದ ಎಡಗೈಯ ಮೊಣಕೈ ತೊಡೆಗೆ ಆನಿಕೊಂಡಿದೆ, ಬಲಗೈ ಮಾತ್ರ ಕೆಸರಿಗೆ ಇಳಿಯುತ್ತದೆ. ಇಡೀ ಕ್ಲಾಸು ಅವಳನ್ನೇ ಸುತ್ತುವರಿದು ಬಿಡಿಸಿತು. ಮರುದಿನ ಕೆ.ಕೆ. ಹೆಬ್ಬಾರರ ರೇಖಾಚಿತ್ರಗಳನ್ನು ತೋರಿಸಿದೆ. ಕೆಲವೇ ಗೆರೆಗಳಲ್ಲಿ ಕುಣಿಯುವ ದೇಹ ಹಿಡಿದ ಕೈ ಅದು. ಮಕ್ಕಳು ಅವನ್ನು ಬೆರಗಿನಿಂದಲ್ಲ, ಕಸುಬಿನವರ ಕಣ್ಣಿನಿಂದ ನೋಡಿದರು. ಭಾರ ಯಾವ ಕಾಲಿನ ಮೇಲಿದೆ ಎಂದು ಹುಡುಕಿದರು.

ಮಕ್ಕಳಿಗೆ ಸ್ವಾತಂತ್ರ್ಯ ಕೊಡಿ, ಮನಸ್ಸಿಗೆ ಬಂದದ್ದು ಬಿಡಿಸಲಿ ಎಂದು ಹೇಳುವವರ ಮಾತು ಪ್ರಾಥಮಿಕ ಶಾಲೆಗೆ ಸರಿ. ಹೈಸ್ಕೂಲಿನ ಮಗುವಿಗೆ ಅಷ್ಟೇ ಕೊಟ್ಟರೆ ಮೋಸ. ಅದು ಕಸುಬು ಕೇಳುತ್ತದೆ. ಕುರುಗೋಡಿನ ದೊಡ್ಡಬಸವೇಶ್ವರ ಗುಡಿಯಲ್ಲಿ ಇದನ್ನು ಕಂಡೆ. ಒಂದೇ ಕಲ್ಲಿನ ಅಂಥ ಬಸವ, ಆಳೆತ್ತರ ಮೀರಿ ಕೂತದ್ದು, ಹಾಳೆಯೊಳಗೆ ಹಿಡಿಸುವುದು ಹೇಗೆ? ತೋಳು ನೀಟಾಗಿ ಚಾಚಿ, ಒಂದು ಕಣ್ಣು ಮುಚ್ಚಿ, ಪೆನ್ಸಿಲಿನ ಮೇಲೆ ಹೆಬ್ಬೆರಳು ಜಾರಿಸಿ ತಲೆಯ ಅಳತೆ ಹಿಡಿಯಿರಿ, ಆ ಅಳತೆ ಮೈಯಲ್ಲಿ ಎಷ್ಟು ಸಲ ಬರುತ್ತದೆ ಎಣಿಸಿ ಎಂದೆ. ಗಣಿತವೆಂದರೆ ಮುಖ ಸಿಂಡರಿಸುವ ಹುಡುಗರೂ ಅಳೆಯುತ್ತ, ಗುರುತು ಹಾಕುತ್ತ, ಒಬ್ಬರ ಲೆಕ್ಕ ಒಬ್ಬರು ತಾಳೆ ನೋಡಿದರು. ಬಸವ ಹಾಳೆಯೊಳಗೆ ಕೂತ. 'ಬಂತು ಸರ್' ಎಂದು ಒಬ್ಬ ಕೂಗಿದ್ದು ಗುಡಿಯಲ್ಲೆಲ್ಲ ಕೇಳಿಸಿತು.

ಬಣ್ಣದ ಸುದ್ದಿ ಬಂದರೆ ನನಗೆ ಮಾತು ನಿಲ್ಲಿಸಲು ಆಗುವುದಿಲ್ಲ. ಪೋಸ್ಟರ್ ಕಲರ್ ಡಬ್ಬಿ ಎಲ್ಲರ ಮನೆಗೂ ಬರುವ ವಸ್ತುವಲ್ಲ. ಆದರೆ ಸಂಡೂರಿನ ಕೆಮ್ಮಣ್ಣು ನಮ್ಮ ಜಿಲ್ಲೆಯದೇ. ಕಬ್ಬಿಣದ ಅದಿರೇ ಅದರ ಕೆಂಪು. ಒಣಗಿದ ಮಣ್ಣನ್ನು ಕುಟ್ಟಿ, ಬಟ್ಟೆಯಲ್ಲಿ ಜರಡಿ ಹಿಡಿದು, ಬಕೆಟ್ ನೀರಿಗೆ ಹಾಕಿ ಕದಡಬೇಕು. ಮರಳು ತಟ್ಟನೆ ತಳ ಸೇರುತ್ತದೆ. ಮೇಲಿನ ಕೆಂಪು ನೀರನ್ನು ಮಾತ್ರ ಬೇರೆ ಪಾತ್ರೆಗೆ ಬಗ್ಗಿಸಿ ಒಂದು ರಾತ್ರಿ ಬಿಟ್ಟರೆ ಬೆಳಗ್ಗೆ ಅಡಿಯಲ್ಲಿ ಬೆಣ್ಣೆಯಷ್ಟು ನಯವಾದ ರಾಡಿ. ಎರೆಹೊಲದ ಬದುವಿನ ಕರಿಜಾಲಿಯಲ್ಲಿ ಅಂಟು ಸಿಗುತ್ತದೆ. ಅದನ್ನು ನೀರಲ್ಲಿ ನೆನೆಸಿ, ಈ ರಾಡಿಯ ಜತೆ ಕಲ್ಲಿನ ಮೇಲೆ ಅರೆದರೆ ಬಣ್ಣ ಸಿದ್ಧ. ಅಂಟು ಕಡಿಮೆಯಾದರೆ ಒಣಗಿದ ಮೇಲೆ ಬೆರಳಿಗೆ ಹತ್ತುತ್ತದೆ, ಹೆಚ್ಚಾದರೆ ಬಿರಿಯುತ್ತದೆ. ಸುಣ್ಣ ಬಿಳಿಗೆ, ಒಲೆಯ ಇದ್ದಿಲು ಕಪ್ಪಿಗೆ. ತಾನೇ ಅರೆದ ಬಣ್ಣವನ್ನು ಯಾವ ಮಗುವೂ ಚೆಲ್ಲಿದ್ದು ನಾನು ನೋಡಿಲ್ಲ.

ಬಳ್ಳಾರಿಯ ಮಕ್ಕಳಿಗೆ ತೊಗಲುಗೊಂಬೆಯ ಪಾಠವೂ ಮನೆ ಬಾಗಿಲಲ್ಲೇ ಇದೆ. 2023ರಲ್ಲಿ ತೀರಿಕೊಂಡ ಬೆಳಗಲ್ಲು ವೀರಣ್ಣನವರು ಈ ಊರಿನವರು. ರಾಮಾಯಣ ಆಡಿಸುವ ಗೊಂಬೆಯಾಟದ ಪರದೆಯ ಮೇಲೆ ಗಾಂಧೀಜಿಯನ್ನೂ ಸ್ವಾತಂತ್ರ್ಯ ಹೋರಾಟವನ್ನೂ ತಂದವರು. ಹದ ಮಾಡಿದ ತೊಗಲಿನಲ್ಲಿ ಉಳಿಯಿಂದ ಕೊರೆದ ಒಂದೊಂದು ತೂತೂ ಒಡವೆಯಾಗಿ ಹೊಳೆಯುತ್ತದೆ. ನಾವು ಶಾಲೆಯಲ್ಲಿ ದಪ್ಪ ಕಾಗದಕ್ಕೆ ಎಣ್ಣೆ ಸವರಿ ಬೆಳಕು ಹಾಯುವಂತೆ ಮಾಡಿ, ದಬ್ಬಳದಿಂದ ಚುಚ್ಚಿ, ಹಿಂದಿನಿಂದ ಬಲ್ಬ್ ಹಿಡಿಯುತ್ತೇವೆ. ಗೆರೆಯನ್ನು ಬೆಳಕೇ ಎಳೆಯುತ್ತದೆ ಎಂದು ಕಂಡ ಮಗು ಮುಂದಿನ ಸಲ ಎಲ್ಲಿ ಚುಚ್ಚಬೇಕು ಎಂದು ಯೋಚಿಸಿಯೇ ಚುಚ್ಚುತ್ತದೆ. ಜೀನ್ಸ್ ಹೊಲಿಯುವ ಮನೆಗಳ ಮಕ್ಕಳು ಚೂರು ಬಟ್ಟೆ ತರುತ್ತಾರೆ. ಡೆನಿಮ್ಮಿನ ಒಳಮೈ ತಿಳಿ, ಹೊರಮೈ ಗಾಢ. ಅಂಟಿಸಿದರೆ ಅದರಲ್ಲೇ ನೆರಳು ಬೆಳಕು ಸಿಗುತ್ತದೆ.

ಪ್ರತಿಭಾ ಕಾರಂಜಿ ಒಳ್ಳೆಯದೇ, ಲೋಯರ್ ಗ್ರೇಡ್, ಹೈಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆಗಳೂ ಒಳ್ಳೆಯವೇ. ಅವುಗಳ ನೆಪದಲ್ಲಿ ಮಕ್ಕಳು ವರ್ಷವಿಡೀ ಕೈ ಬಳಸುತ್ತಾರೆ. ಆದರೆ ಬಹುಮಾನ ಬಂದ ಚಿತ್ರ ಒಂದನ್ನೇ ಗೋಡೆಗೆ ಹಾಕುವುದು ನನಗೆ ಸಮ್ಮತವಿಲ್ಲ. ನಮ್ಮ ಗೋಡೆಯ ಮೇಲೆ ಎಲ್ಲರ ಬಂಡೆಯೂ ಇರುತ್ತದೆ. ಎಸ್ಸೆಸ್ಸೆಲ್ಸಿ ಹತ್ತಿರ ಬಂದಂತೆ ಡ್ರಾಯಿಂಗ್ ಪೀರಿಯಡ್ಡು ಬೇರೆ ವಿಷಯಗಳಿಗೆ ಹೋಗುತ್ತದೆ. ಅದಕ್ಕೇ ಹತ್ತನೇ ಕ್ಲಾಸಿನವರ ಜೇಬಿನಲ್ಲಿ ಅಂಗೈಯಗಲದ ಪುಸ್ತಕ ಇರಲಿ ಎನ್ನುತ್ತೇನೆ. ಬಸ್ ಕಾಯುವಾಗ ಒಂದು ಗೆರೆ ಸಾಕು.

ಊರ ಪಕ್ಕದ ಸಂಗನಕಲ್ಲು, ಕಪ್ಪಗಲ್ಲಿನ ಗುಡ್ಡಕ್ಕೆ ಎಲ್ಲರನ್ನೂ ಕರೆದೊಯ್ದೇ ತೀರುತ್ತೇನೆ. ಕಲ್ಲುಕೊಡಲಿಯ ಕಾಲದಲ್ಲಿ, ಸುಮಾರು 4,000 ವರ್ಷಗಳ ಹಿಂದೆ, ಅಲ್ಲಿ ಬಾಳಿದ ದನಗಾಹಿಗಳು ಕರಿಕಲ್ಲಿನ ಮೇಲೆ ಕುಟ್ಟಿ ಕುಟ್ಟಿ ಗೂಳಿಗಳನ್ನು ಮೂಡಿಸಿದ್ದಾರೆ. ಬ್ರಿಟಿಷ್ ಅಧಿಕಾರಿ ಫಾಸೆಟ್ 1892ರಲ್ಲೇ ಇವುಗಳ ಬಗ್ಗೆ ಬರೆದ. ಹಳೆಯವು ಬಂಡೆಯ ಬಣ್ಣಕ್ಕೇ ತಿರುಗಿವೆ, ಈಚಿನವು ಬಿಳಿಚಿಕೊಂಡಿವೆ. ಮುಟ್ಟಬಾರದು, ನೀರು ಹಾಕಬಾರದು, ಸೀಮೆಸುಣ್ಣ ಹಚ್ಚಬಾರದು ಎಂದು ಮೊದಲೇ ಹೇಳಿರುತ್ತೇನೆ. ಕಳೆದ ಸಲ ಒಂದು ಗೂಳಿಯ ಮುಂದೆ ಜಗಳ ಹತ್ತಿತು.

'ನಿಂತೈತೆ ಸರ್' ಎಂದ ಒಬ್ಬ.

'ನಡ್ಕಂತ ಹೊಂಟೈತೆ, ಹಿಂದಿನ ಕಾಲು ನೋಡಲೇ' ಎಂದಳು ಪಕ್ಕದವಳು.

ಇಬ್ಬರೂ ಹಾಳೆ ಹಿಡಿದು ನನ್ನ ಹತ್ತಿರ ಬಂದರು. ಮನೆಯ ಎತ್ತು ನಡೆಯುವಾಗ ನೋಡಿ ಬಿಡಿಸಿಕೊಂಡು ಬನ್ನಿ, ಆಮೇಲೆ ಮಾತಾಡೋಣ ಎಂದೆ. ಸೋಮವಾರ ಇಬ್ಬರ ಪುಸ್ತಕದಲ್ಲೂ ಪುಟ ಪುಟ ಎತ್ತಿನ ಕಾಲು. ಜಗಳ ಇನ್ನೂ ನಡೆದಿದೆ.