ತೊಗರಿಗೆ ವರ್ಷಕ್ಕೆ ನಾಲ್ಕು ಕಾರ್ತಿಕ

ಕಲಬುರಗಿ ಸೀಮೆಯವರಿಗೆ ತೊಗರಿಯ ಲೆಕ್ಕ ಬಾಯಿಪಾಠ. ಮುಂಗಾರಿಗೆ ಬಿತ್ತಬೇಕು, ದೀಪಾವಳಿ ಆಚೀಚೆ ಹೊಲವೆಲ್ಲ ಹಳದಿಯಾಗಬೇಕು, ಎಳ್ಳಮಾವಾಸ್ಯೆಗೆ ಚರಗ ಚೆಲ್ಲುವ ಹೊತ್ತಿಗೆ ಕಾಯಿ ಬಲಿತಿರಬೇಕು. ಹಗಲು ಗಿಡ್ಡವಾಗದೆ ಹೂ ಬಿಡದ ಹಟಮಾರಿ ಗಿಡ. ಅದೇ ತೊಗರಿ ಹೈದರಾಬಾದ್ ಪಕ್ಕದ ಪಟಾನ್‌ಚೆರುವಿನಲ್ಲಿ ವರ್ಷಕ್ಕೆ ನಾಲ್ಕು ತಲೆಮಾರು ಕಾಣುತ್ತದೆ ಅಂದರೆ ಯಾರು ನಂಬುತ್ತಾರೆ? ನೋಡಿಯೇ ಬಿಡೋಣವೆಂದು ಹೊರಟೆ.

1972ರಲ್ಲಿ ಅಲ್ಲಿ ಶುರುವಾದ ಇಕ್ರಿಸ್ಯಾಟ್ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಮೊದಲು ಬಾಯಿ ಕಟ್ಟಿಸಿದ್ದು ಬೀಜ ಭಂಡಾರ. ಜೋಳ, ಸಜ್ಜೆ, ರಾಗಿ, ನವಣೆ, ಸಾಮೆ, ಕಡಲೆ, ಶೇಂಗಾ, ತೊಗರಿ, ಎಲ್ಲ ಸೇರಿ ಒಂದು ಲಕ್ಷಕ್ಕೂ ಮಿಕ್ಕಿದ ಮಾದರಿಗಳು. ದೀರ್ಘ ಕಾಲ ಬಾಳಬೇಕಾದವು ಮೈನಸ್ 20 ಡಿಗ್ರಿಯಲ್ಲಿ ಮಲಗಿವೆ. ನಮ್ಮ ಹಿರಿಯರ ಹಗೇವಿನಲ್ಲಿ ಊರ ಕಾಳಷ್ಟೇ ಇರುತ್ತಿತ್ತು. ಈ ಹಗೇವಿಗೆ ನೂರಕ್ಕೂ ಮಿಕ್ಕಿದ ದೇಶಗಳ ಹೊಲಗಳು ಬಂದು ಸೇರಿವೆ. ನೆಟೆ ರೋಗ ನಮ್ಮ ಹೊಲ ನುಂಗುತ್ತಿದ್ದಾಗ ಕೈಹಿಡಿದ 'ಮಾರುತಿ' ತೊಗರಿಯೂ ಇಲ್ಲಿಂದಲೇ ಹೊರಟು 1986ರಲ್ಲಿ ಕರ್ನಾಟಕಕ್ಕೆ ಬಂದದ್ದು.

ಆಮೇಲೆ ವರ್ಷಕ್ಕೆ ನಾಲ್ಕು ತಲೆಮಾರು ತೊಗರಿ ಬೆಳೆಸುವ ಆ ಕೋಣೆ. ಸೂರ್ಯನಿಗೆ ಅಲ್ಲಿ ರಜೆ. ಎಲ್‌ಇಡಿ ದೀಪ ಯಾವಾಗ ಆರಬೇಕೆಂದು ಯಂತ್ರ ನಿರ್ಧರಿಸುತ್ತದೆ. ತೊಗರಿ ಪಾಪ, ಕಾರ್ತಿಕ ಬಂತೆಂದೇ ತಿಳಿದು ಹೂ ಬಿಡುತ್ತದೆ. ಕಾಯಿ ಒಣಗುವವರೆಗೂ ಕಾಯುವುದಿಲ್ಲ, ಎಳೆ ಕಾಳನ್ನೇ ಬಿಡಿಸಿ ಮತ್ತೆ ಮೊಳಕೆಗಿಡುತ್ತಾರೆ. ನನ್ನನ್ನು ಇನ್ನೂ ಬೆರಗಾಗಿಸಿದ್ದು ಕಾಳಿನ ಒಂದು ಮೂಲೆಯಿಂದ ಉಗುರಂಚಿನಷ್ಟು ಚೂರು ಕೆತ್ತಿ ಡಿಎನ್‌ಎ ಓದುವ ವಿದ್ಯೆ. ಬೇಕಾದ ಗುಣ ಇದೆಯೋ ಇಲ್ಲವೋ ಬಿತ್ತುವ ಮೊದಲೇ ಗೊತ್ತು. ಚೂರು ಕಳಕೊಂಡ ಕಾಳು ಏನೂ ಆಗದಂತೆ ಮೊಳೆಯುತ್ತದೆ!

ಹೀಗೆ ಹುಟ್ಟಿದ್ದು ಐಸಿಪಿವಿ 25444. 45 ಡಿಗ್ರಿ ಬಿಸಿಲು ತಡೆದು, 125 ದಿನಕ್ಕೆ ಕೊಯ್ಲಿಗೆ ಬರುವ ಬೇಸಿಗೆ ತೊಗರಿ. ಹಳೆಯ ದಾರಿಯಲ್ಲಿ ಹದಿನೈದು ವರ್ಷ ಹಿಡಿಯುತ್ತಿದ್ದ ಕೆಲಸ ಐದಕ್ಕೆ ಇಳಿದಿದೆ. ಕರ್ನಾಟಕ, ಒಡಿಶಾ, ತೆಲಂಗಾಣದ ಹೊಲಗಳಲ್ಲಿ ಪರೀಕ್ಷೆಯೂ ಆಗಿದೆ.

ಆದರೆ ಬಿಸಿಲು ತಡೆದ ಮಾತ್ರಕ್ಕೆ ನೀರು ಬೇಡವೆಂದಲ್ಲ. ಮಳೆ ನಂಬಿದ ನಮ್ಮ ಎರೆ ಹೊಲಕ್ಕೆ ಬೇಸಿಗೆಯಲ್ಲಿ ಎಲ್ಲಿಯ ನೀರು? ನನ್ನ ಕೇಳಿದರೆ ಇದು ಮೊದಲು ಹೋಗಬೇಕಾದದ್ದು ಭತ್ತದ ಮೇಲೆ ಭತ್ತ ಹಾಕಿ ನೆಲ ಸವಳು ಮಾಡಿಕೊಂಡಿರುವ ಕಾಲುವೆ ಕೆಳಗಿನ ಗದ್ದೆಗಳಿಗೆ. ಅಲ್ಲಿ ಎರಡನೇ ಭತ್ತದ ಜಾಗಕ್ಕೆ ತೊಗರಿ ಬಂದರೆ ನೀರೂ ಉಳಿದೀತು, ಬೇಳೆಯೂ ಸಿಕ್ಕೀತು.